ಗೋಚರಿಸದ ಗುರುತ್ವ

ಭಾರವನ್ನು ಹೊತ್ತವನಿಗೆ ಭಾರವೇನೆಂದು ಕಲಿಸಬೇಕಾಗಿಲ್ಲವೆಂಬುದು ಲೋಕದ ನಂಬಿಕೆ. ಆದರೆ ಗುರುತ್ವವೆಂಬ ಗುಣವು ಇಂದ್ರಿಯಗಳಿಗೆ ಗೋಚರವಲ್ಲ, ವಸ್ತುವು ಬೀಳುವುದನ್ನು ಕಂಡು ಅದನ್ನು ಅನುಮಾನದಿಂದ ತಿಳಿಯಬೇಕು ಎಂಬುದು ವೈಶೇಷಿಕ ಶಾಸ್ತ್ರದಲ್ಲಿ ಪ್ರಶಸ್ತಪಾದರ ಮತ. ಪಾಠಶಾಲೆಯಲ್ಲಿ ಇದನ್ನೋದುವಾಗ ಸಹಪಾಠಿಯೊಬ್ಬನು, ಅಕ್ಕಿಯ ಮೂಟೆ ಹೊತ್ತ ಕೂಲಿಯವನನ್ನು ಕೇಳೋಣವೆಂದು ಪರಿಹಾಸ ಮಾಡಿದನು. ಗುರುಗಳು ನಕ್ಕು ಸುಮ್ಮನಾದರು.

ಆ ಪರಿಹಾಸಕ್ಕೆ ತಕ್ಕ ಉತ್ತರವಿರುವುದು ಕೆಂಗೇರಿಯಾಚೆ, ಮೈಸೂರು ರಸ್ತೆಯಲ್ಲಿ. ಅಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಎಂಬ ವಿಹಾರೋದ್ಯಾನದಲ್ಲಿ ರೋಲರ್ ಕೋಸ್ಟರ್ ಉಂಟು. ವಿಜಯನಗರದಿಂದ ಮನೆಮಂದಿಯೆಲ್ಲ ಹೋಗಿದ್ದೆವು. ಮೊಮ್ಮಗಳು ಅದರಿಂದಿಳಿದು ಬಂದು, "ತಾತ, ಕೆಳಕ್ಕೆ ಧುಮುಕುವಾಗ ಭೂಮಿಯ ಸೆಳೆತವೇ ಇರಲಿಲ್ಲ" ಎಂದಳು. ಸೆಳೆತವಿಲ್ಲದಿದ್ದರೆ ಬಂಡಿಯು ಧುಮುಕುವುದಾದರೂ ಹೇಗೆ?

ವಿಚಾರವಿಷ್ಟೆ. ಭೂಮಿಯು ದೇಹದ ಕಣಕಣವನ್ನೂ ಒಂದೇ ಸಮನೆ ಸೆಳೆಯುವುದರಿಂದ ಆ ಸೆಳೆತವು ನಮಗೆ ತಿಳಿಯದು. ನೆಲವಾಗಲಿ ಪೀಠವಾಗಲಿ ನಮ್ಮನ್ನು ಮೇಲಕ್ಕೆ ಒತ್ತುವ ಒತ್ತನ್ನೇ ನಾವು ಭಾರವೆನ್ನುತ್ತೇವೆ. ಬಂಡಿಯೂ ನಾವೂ ಜೊತೆಯಾಗಿ ಬೀಳುವಾಗ ಪೀಠದ ಒತ್ತು ಬಹುಮಟ್ಟಿಗೆ ಇಲ್ಲವಾಗುವುದು. ಉದರದ ಅವಯವಗಳೂ ಒಂದನ್ನೊಂದು ಒತ್ತುವುದನ್ನು ಬಿಡುವುವು. ಕರುಳು ಬಾಯಿಗೆ ಬಂದಂತಾಗುವುದು ಅದರಿಂದಲೇ. ಪಂಚಮಿಯ ಜೋಕಾಲಿಯು ತುತ್ತತುದಿಗೆ ಹೋದಾಗ ಮೈ ಹಗುರಾಗುವುದೂ ಹೀಗೆಯೇ.

ತಗ್ಗಿನಲ್ಲಿ ಇದಕ್ಕೆ ವಿಪರೀತ. ಉದಾಹರಣೆಗೆ, 20 ಮೀಟರ್ ಎತ್ತರದಿಂದಿಳಿದ ಬಂಡಿಗೆ, ಘರ್ಷಣೆಯನ್ನು ಗಣಿಸದಿದ್ದರೆ, ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಬರುವುದು. ಅಲ್ಲಿ ಹಳಿಯು 20 ಮೀಟರ್ ತ್ರಿಜ್ಯದಲ್ಲಿ ಮೇಲಕ್ಕೆ ಬಾಗಿದ್ದರೆ, ಪೀಠವು ನಮ್ಮನ್ನು ಹೊರುವುದಲ್ಲದೆ ನಮ್ಮ ದಾರಿಯನ್ನೂ ತಿರುಗಿಸಬೇಕು. ಆಗ ಅದರ ಒತ್ತು ಮೂರು ಪಟ್ಟಾಗಿ, 60 ಕಿಲೋಗ್ರಾಂ ತೂಗುವವನಿಗೆ ತಾನು 180 ತೂಗುವಂತೆ ಭಾಸವಾಗುವುದು. ಅಮೆರಿಕದ ಕೋನಿ ಐಲೆಂಡಿನಲ್ಲಿ 1895ರಲ್ಲಿ ಹಳಿಯನ್ನು ಪೂರ್ಣವೃತ್ತವಾಗಿ ಕಟ್ಟಿದ್ದರು. ಸವಾರರ ಕತ್ತು ನೋಯುತ್ತಿತ್ತು. ಈಗಿನ ಸುತ್ತುಗಳು ನೀರಹನಿಯ ಆಕಾರದವು: ಬುಡದಲ್ಲಿ ವಿಶಾಲ, ನೆತ್ತಿಯಲ್ಲಿ ಕಿರಿದು. ಬುಡದ ಬಾಗು ನಿಧಾನವಾದಷ್ಟೂ ಒತ್ತು ಕಡಮೆ.

ಇದರಿಂದ ಪೂರ್ವಿಕರು ಸರ್ವಜ್ಞರಾಗಿದ್ದರೆಂದು ಡಂಗುರ ಹೊಯ್ಯುವುದು ನನ್ನ ಉದ್ದೇಶವಲ್ಲ. ವೈಶೇಷಿಕರು ಗುರುತ್ವವನ್ನು ಪೃಥ್ವೀಜಲಗಳಿಗೆ ಮಾತ್ರ ಒಪ್ಪಿದರು. ಗಾಳಿಗೂ ತೂಕವುಂಟೆಂಬುದನ್ನು ಇಂದು ಬಾಲಕರೂ ಬಲ್ಲರು. ಸೆಳೆತಕ್ಕೆ ಲೆಕ್ಕವನ್ನು ಕೊಟ್ಟುದು 1687ರಲ್ಲಿ ಪ್ರಕಟವಾದ ನ್ಯೂಟನ್ನನ ಗ್ರಂಥ. ಶಾಸ್ತ್ರವನ್ನೋದಿಯೇ ಬಾಳಿದ ನನ್ನಂತಹವರಿಗೆ ಅದನ್ನು ಜನರು ಮರೆಯುವುದು ದುಃಖ. ಅದರಲ್ಲಿಲ್ಲದುದನ್ನು ಅದಕ್ಕೆ ಹೊರಿಸಿ ನಗೆಗೀಡುಮಾಡುವುದು ಇನ್ನೂ ದೊಡ್ಡ ದುಃಖ. ಮೈಗೆ ತೋರಿದುದೇ ಕಡೆಯ ಪ್ರಮಾಣವಲ್ಲ, ಬೀಳುವುದನ್ನು ಕಂಡು ಕಾರಣವನ್ನು ವಿಚಾರಿಸಬೇಕು ಎಂಬ ಎಚ್ಚರವು ಅದರಲ್ಲಿ ನಿಜವಾಗಿಯೂ ಇದೆ. ಮಕ್ಕಳಿಗೆ ಅಷ್ಟನ್ನೇ, ಇದ್ದುದನ್ನು ಇದ್ದಂತೆಯೇ ಹೇಳಿದರೆ ಶಾಸ್ತ್ರಕ್ಕೆ ಯಾವ ಕುಂದೂ ಬಾರದು.