ಕಂಡದ್ದು ಮತ್ತು ಹೇಳಿದ್ದು

ಧಾರವಾಡದ ನನ್ನ ಅಕ್ಕನ ಮಗಳು ಪುಣೆಯ ನಮ್ಮ ಮನೆಯಲ್ಲಿದ್ದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. ಒಂದು ರಾತ್ರಿ ಊಟವಾದ ಮೇಲೆ ಹತ್ತು ಹನ್ನೆರಡು ಪುಟಗಳ ಜೆರಾಕ್ಸ್ ಪ್ರತಿಯೊಂದನ್ನು ನನ್ನ ಮುಂದಿಟ್ಟು, "ಮಾಮಾ, ನೀವು ಇಂಗ್ಲಿಷ್ ಎಂ.ಎ. ಮಾಡೀರಿ. ಶಬ್ದ ಎಲ್ಲಾ ಗೊತ್ತದಾವ, ಅರ್ಥ ಮಾತ್ರ ಆಗವಲ್ದು" ಎಂದಳು.

ಅದು ಡಿಎನ್‌ಎ ತನ್ನ ನಕಲನ್ನು ಹೇಗೆ ಮಾಡಿಕೊಳ್ಳುತ್ತದೆಂಬುದನ್ನು ಕುರಿತು ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ 1958ರಲ್ಲಿ ಪ್ರಕಟಿಸಿದ ಸಂಶೋಧನಾ ಪ್ರಬಂಧ. ಅವಳ ಅಧ್ಯಾಪಕಿ ಪ್ರತಿಯೊಬ್ಬರಿಗೂ ಒಂದೊಂದು ಪ್ರಬಂಧ ಕೊಟ್ಟು ಒಂದು ನಿಯಮ ಹಾಕಿದ್ದರು: ಮೊದಲು ಚಿತ್ರಗಳನ್ನಷ್ಟೇ ನೋಡಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಆಮೇಲೆ ಲೇಖಕರು ಹೇಳಿದ್ದನ್ನು ಓದಿ, ಎರಡೂ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಗುರುತಿಸಿ.

ನಾನು ಆ ನಿಯಮವನ್ನು ಬದಿಗಿಟ್ಟು, ಕವಿತೆ ಓದುವವನಂತೆ ಮೊದಲ ಸಾಲಿನಿಂದ ಆರಂಭಿಸಿದೆ. ಮೂರನೆಯ ಪುಟದ ಹೊತ್ತಿಗೆ ಇಬ್ಬರೂ ದಾರಿ ತಪ್ಪಿದ್ದೆವು. ಆಗ ಚಿತ್ರಕ್ಕೆ ಬಂದೆವು.

ಬ್ಯಾಕ್ಟೀರಿಯಾಗಳನ್ನು 14 ತಲೆಮಾರುಗಳ ಕಾಲ ಭಾರವಾದ ನೈಟ್ರೋಜನ್-15 ಇರುವ ಆಹಾರದಲ್ಲಿ ಬೆಳೆಸಿ, ಬಳಿಕ ಒಮ್ಮೆಲೇ ಸಾಧಾರಣ ನೈಟ್ರೋಜನ್-14ಕ್ಕೆ ಬದಲಾಯಿಸಿದ್ದಾರೆ. ಆಗಾಗ ಮಾದರಿ ತೆಗೆದು, ಅದರ ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿ ವೇಗವಾಗಿ ಗಂಟೆಗಟ್ಟಲೆ ತಿರುಗಿಸಿದರೆ, ಅದು ತನ್ನ ಸಾಂದ್ರತೆಗೆ ಸರಿಹೊಂದುವ ಎಡೆಯಲ್ಲಿ ಪಟ್ಟಿಯಾಗಿ ನಿಲ್ಲುತ್ತದೆ. ಆರಂಭದಲ್ಲಿ ಕಾಣುವುದು ಭಾರವಾದ ಒಂದೇ ಪಟ್ಟಿ. ಒಂದು ತಲೆಮಾರಿನ ನಂತರ ಅದು ಮಾಯವಾಗಿ, ನಟ್ಟನಡುವೆ ಒಂದೇ ಪಟ್ಟಿ. ಎರಡನೆಯ ತಲೆಮಾರಿಗೆ ಎರಡು ಪಟ್ಟಿ: ನಡುವಿನದು, ಹಗುರವಾದದ್ದು, ಸಮಸಮ. ಇದನ್ನೆಲ್ಲ ಅವಳೇ ಪೆನ್ಸಿಲಿನಲ್ಲಿ ಬರೆದು ನನಗೆ ತಿಳಿಸಿದಳು.

ಆಮೇಲೆ ಕೇಳಿದಳು: "ನಮ್ಮ ಪಠ್ಯಪುಸ್ತಕದಾಗ ಎರಡು ಎಳಿ ಬ್ಯಾರೆ ಆಗತಾವ ಅಂತ ಅದ. ಇವರು ನಿರ್ಣಯದಾಗ ಬರೇ 'ಸಬ್‌ಯೂನಿಟ್' ಅಂದಾರ. ಯಾಕ?"

ನನಗೆ ನಗು ಬಂತು. ಎರಡು ದಶಕಗಳಿಂದ ಸರ್ಕಾರಿ ಟಿಪ್ಪಣಿ ಬರೆಯುತ್ತಿರುವವನು ನಾನು. "ಜಾರಿಕೊಳ್ಳುವ ಭಾಷೆ. ನಾವು 'ಪರಿಶೀಲಿಸಬಹುದಾಗಿದೆ' ಎಂದು ಬರೆಯುವುದಿಲ್ಲವೇ, ಹಾಗೆ" ಎಂದೆ.

ಅವಳು ನಗಲಿಲ್ಲ. ಮತ್ತೆ ಚಿತ್ರ ನೋಡಿ, "ಇವರು ಭಾರ ನೋಡ್ಯಾರ ಮಾಮಾ, ಎಳಿ ನೋಡಿಲ್ಲ. ನೋಡಿದಷ್ಟ ಹೇಳ್ಯಾರ" ಎಂದಳು.

1953ರ ವಾಟ್ಸನ್-ಕ್ರಿಕ್ ಮಾದರಿ ಅವರ ಕಣ್ಣ ಮುಂದೆಯೇ ಇತ್ತು. ಫಲಿತಾಂಶ ಅದಕ್ಕೆ ಹೊಂದುತ್ತದೆಂದೂ ಅವರು ಹೇಳಿದ್ದಾರೆ. ಆದರೂ ಆ ಉಪಘಟಕಗಳ ರಚನೆ ಎಂಥದೆಂಬ ಪ್ರಶ್ನೆಯನ್ನು ತೆರೆದೇ ಇಟ್ಟಿದ್ದಾರೆ. ನಾನು ಜಾರಿಕೆಯೆಂದು ಓದಿದ್ದು ಹೊಣೆಗಾರಿಕೆಯಾಗಿತ್ತು.

ಆಗ ನನಗೆ ಹಳೆಯದೊಂದು ವರದಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಚೇರಿಯಲ್ಲೊಂದು ಫೈಲು ಕಾಣೆಯಾಗಿತ್ತು. ವಿಚಾರಣೆ ನನ್ನ ಪಾಲಿಗೆ ಬಂತು. ಫೈಲು ಕೊನೆಯದಾಗಿ ಹಿರಿಯ ಗುಮಾಸ್ತರೊಬ್ಬರ ಹೆಸರಿಗೆ ಹೋಗಿತ್ತೆಂದು ರಿಜಿಸ್ಟರಿನಲ್ಲಿತ್ತು. ನಾನು ಕಂಡದ್ದು ಅಷ್ಟೇ. ಬರೆದದ್ದು, "ಇವರ ಅಜಾಗರೂಕತೆಯಿಂದ ಕಳೆದುಹೋಗಿರುವುದು ಸಾಬೀತಾಗಿದೆ" ಎಂದು. ಭಾಷೆ ಚೆನ್ನಾಗಿದೆಯೆಂದು ಮೇಲಧಿಕಾರಿಗಳು ಮೆಚ್ಚಿದರು. ಗುಮಾಸ್ತರ ಒಂದು ಇನ್‌ಕ್ರಿಮೆಂಟ್ ನಿಂತಿತು. ಎರಡು ವರ್ಷಗಳ ಬಳಿಕ ಫೈಲು ರೆಕಾರ್ಡ್ ರೂಮಿನಲ್ಲಿ ಬೇರೊಂದು ಕಟ್ಟಿನೊಳಗೆ ಸಿಕ್ಕಿತು. ಹಣ ವಾಪಸು ಬಂತು. ಅವರು ನಿವೃತ್ತರಾಗುವವರೆಗೂ ನನ್ನೊಡನೆ ಚಹಾಕ್ಕೆ ಬರಲಿಲ್ಲ.

ಯಾರಿಗೂ ಹೇಳದ ಇದನ್ನು ಆ ಹುಡುಗಿಗೆ ಹೇಳಿದೆ. ಅವಳು ತಪ್ಪು ಹೊರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪ್ರಬಂಧದಲ್ಲಿ ವಿಧಾನಗಳನ್ನು ವಿವರಿಸುವ ಭಾಗದ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು: "ಎಲ್ಲೆಲ್ಲಿ ಹುಡುಕಿದಿರಿ ಅಂತ ವರದಿಯೊಳಗ ಬರದಿದ್ರೇನು ಮಾಮಾ?"

ಬರೆದಿರಲಿಲ್ಲ. ಬರೆಯಲು ಕುಳಿತಿದ್ದರೆ, ಹುಡುಕಿಲ್ಲವೆಂಬುದು ಅಂದೇ ತಿಳಿಯುತ್ತಿತ್ತು.