ನಕ್ಷತ್ರಗಳ ಮಿಡಿತ

ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಅದನ್ನು ಒಡೆದು ನೋಡುವುದಿಲ್ಲ; ಬೆರಳಿನಿಂದ ಬಾರಿಸಿ ಕಿವಿಗೊಡುತ್ತಾಳೆ. ದನಿ ಗಟ್ಟಿಯಾಗಿದ್ದರೆ ಗಡಿಗೆಯೂ ಗಟ್ಟಿ. ಒಡಕುದನಿ ಬಂದರೆ ಕಣ್ಣಿಗೆ ಕಾಣದ ಬಿರುಕೊಂದು ಅಲ್ಲಿದೆಯೆಂದೇ ಅರ್ಥ. ಕಣ್ಣು ಹೊಗಲಾರದ ಕಡೆ ಕಿವಿ ಹೊಗಬಲ್ಲದು. ಮನೆವಾರ್ತೆಯ ಈ ಜಾಣ್ಮೆಯನ್ನೇ ಖಗೋಳ ವಿಜ್ಞಾನಿಗಳು ನಕ್ಷತ್ರಗಳಿಗೂ ಅನ್ವಯಿಸಿದ್ದಾರೆ.

ನಕ್ಷತ್ರದ ಬೆಳಕು ನಮ್ಮನ್ನು ತಲುಪುವುದು ಅದರ ಹೊರಮೈಯಿಂದ ಮಾತ್ರ. 1908ರಲ್ಲಿ ಅಮೆರಿಕದ ಜಾರ್ಜ್ ಎಲರಿ ಹೇಲ್ ಅವರು ಸೂರ್ಯನ ಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರವಿರುವುದನ್ನು ತೋರಿಸಿಕೊಟ್ಟರು. ಆದರೆ ಅದು ಹೊರಮೈಯ ವಾರ್ತೆ. ಗರ್ಭದಲ್ಲಿ ಅಡಗಿರುವ ಕಾಂತಕ್ಷೇತ್ರವನ್ನು ಅರಿಯುವುದೆಂತು?

1962ರಲ್ಲಿ ರಾಬರ್ಟ್ ಲೇಟನ್ ಮತ್ತು ಅವರ ಸಂಗಡಿಗರು ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಗಳಿಗೊಮ್ಮೆ ಏರಿಳಿಯುತ್ತಿರುವುದನ್ನು ವಿವರಿಸಿದರು. ಸೂರ್ಯನ ಒಳಗೆ ಸೆರೆಸಿಕ್ಕ ಶಬ್ದತರಂಗಗಳೇ ಇದಕ್ಕೆ ಕಾರಣವೆಂಬುದು ಮುಂದೆ ತಿಳಿದುಬಂದಿತು. ದೂರದ ಅನೇಕ ನಕ್ಷತ್ರಗಳೂ ಹೀಗೆಯೇ ಮಿಡಿಯುತ್ತವೆ. ಆ ಮಿಡಿತದೊಡನೆ ಅವುಗಳ ಪ್ರಕಾಶವೂ ಅತ್ಯಲ್ಪವಾಗಿ ಹೆಚ್ಚಿ ತಗ್ಗುತ್ತದೆ. 2009ರಲ್ಲಿ ಅಂತರಿಕ್ಷಕ್ಕೇರಿದ ಕೆಪ್ಲರ್ ದೂರದರ್ಶಕವು ಆಕಾಶದ ಒಂದೇ ಭಾಗವನ್ನು ನಾಲ್ಕು ವರ್ಷಗಳ ಕಾಲ ನಿಟ್ಟಿಸಿ ಈ ಏರಿಳಿತವನ್ನು ದಾಖಲಿಸಿತು.

ನಕ್ಷತ್ರವು ಮುಪ್ಪಿನಲ್ಲಿ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಆಗ ಅದರ ಹೊರಪದರದಲ್ಲಿ ಶಬ್ದತರಂಗಗಳೂ ಗರ್ಭದಲ್ಲಿ ಬೇರೊಂದು ಬಗೆಯ ತರಂಗಗಳೂ ಚಲಿಸುತ್ತವೆ. ಇವೆರಡೂ ಪರಸ್ಪರ ಬೆರೆಯುವುದರಿಂದ ಗರ್ಭದ ಸುದ್ದಿ ಹೊರಮೈಗೆ ಬಂದು ಮುಟ್ಟುತ್ತದೆ. ಗರ್ಭವು ತಿರುಗುತ್ತಿದ್ದರೆ ಒಂದು ಸ್ವರ ಮೂರಾಗಿ ಸೀಳುತ್ತದೆ. ಆ ಮೂರರ ನಡುವಣ ಅಂತರ ಹೆಚ್ಚುಕಡಿಮೆ ಸಮನಾಗಿರುತ್ತದೆ. ಅಲ್ಲಿ ಪ್ರಬಲವಾದ ಕಾಂತಕ್ಷೇತ್ರವಿದ್ದರೆ ಮಾತ್ರ ಈ ಸಮತೆ ಕೆಡುತ್ತದೆ. ನಡುವಣ ಸ್ವರ ನಡುವೆ ನಿಲ್ಲುವುದಿಲ್ಲ. ಗಡಿಗೆಯ ಒಡಕುದನಿಯಂತೆ ಈ ಓರೆಯೇ ಒಳಗಿನ ಗುಟ್ಟನ್ನು ಹೊರಗೆಡಹುತ್ತದೆ. 2022ರಲ್ಲಿ ಗಾಂಗ್ ಲೀ, ಸೆಬಾಸ್ಟಿಯನ್ ದೆಹೂವೆಲ್ಸ್ ಮೊದಲಾದವರು ಮೂರು ಕೆಂಪು ದೈತ್ಯಗಳಲ್ಲಿ ಇದನ್ನು ಗುರುತಿಸಿ, ಅವುಗಳ ಗರ್ಭದ ಕಾಂತಕ್ಷೇತ್ರವು ಸುಮಾರು 30,000ದಿಂದ 1,00,000 ಗಾಸ್‌ಗಳಷ್ಟಿದೆ ಎಂದು ಲೆಕ್ಕಹಾಕಿದರು. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರವಾದರೋ ಸುಮಾರು ಅರ್ಧ ಗಾಸ್ ಮಾತ್ರ.

ಇದರಿಂದ ಆಗುವ ಲಾಭವೇನು? ಗಿರಕಿ ಹೊಡೆಯುವ ಬಾಲಕನು ಚಾಚಿದ ಕೈಗಳನ್ನು ಮೈಗೆ ಸೆಳೆದುಕೊಂಡರೆ ವೇಗ ಹೆಚ್ಚುತ್ತದೆ. ಕುಗ್ಗುತ್ತಿರುವ ನಕ್ಷತ್ರಗರ್ಭವೂ ಹಾಗೆಯೇ ಅತಿವೇಗದಿಂದ ತಿರುಗಬೇಕಿತ್ತು; ಆದರೆ ಲೆಕ್ಕಕ್ಕಿಂತ ಬಹಳ ನಿಧಾನವಾಗಿ ತಿರುಗುತ್ತಿದೆ. ಅದನ್ನು ಹಿಡಿದು ನಿಲ್ಲಿಸುತ್ತಿರುವ ಕೈ ಕಾಂತಕ್ಷೇತ್ರದ್ದೇ ಇರಬಹುದೆಂದು ಅನೇಕ ವಿದ್ವಾಂಸರ ಊಹೆ. ನಮ್ಮ ಸೂರ್ಯನೂ ಸುಮಾರು 500 ಕೋಟಿ ವರ್ಷಗಳ ಬಳಿಕ ಇದೇ ದಾರಿ ಹಿಡಿಯುವವನು. ಆದ್ದರಿಂದ ಇದು ಪರರ ಮನೆಯ ಕಥೆಯಲ್ಲ.

ಗುರಿಯನ್ನು ಅಲುಗದಂತೆ ಹಿಡಿಯುವ ಚಕ್ರಗಳು ಕೆಟ್ಟು, 2013ರಲ್ಲಿ ಕೆಪ್ಲರ್ ಆ ಸುದೀರ್ಘ ವೀಕ್ಷಣೆಯನ್ನು ನಿಲ್ಲಿಸಬೇಕಾಯಿತು. 2018ರಲ್ಲಿ ಅದು ಶಾಶ್ವತವಾಗಿ ಕಣ್ಣುಮುಚ್ಚಿತು. ಆದರೂ ಅದು ಕೂಡಿಟ್ಟುಹೋದ ದಾಖಲೆಗಳಲ್ಲಿಯೇ ಈ ಗುಟ್ಟು ದೊರೆಯಿತು. ನಕ್ಷತ್ರಗಳು ಎಂದೂ ಮೌನವಾಗಿರಲಿಲ್ಲ. ತಾಳ್ಮೆಯಿಂದ ಆಲಿಸುವ ಕಿವಿಗಳಿಗಾಗಿ ಅವು ಕಾದಿದ್ದುವು, ಅಷ್ಟೆ.