ಒಂದನ್ನೇ ಆಯುವ ಗುಂಡಿ

ಹಿಂದಿನ ಮೋಟಾರುಗಳ ರೇಡಿಯೋದಲ್ಲಿ ಒಂದೊಂದು ನಿಲಯಕ್ಕೆ ಒಂದೊಂದು ಒತ್ತುಗುಂಡಿಯಿರುತ್ತಿತ್ತು. ಒಂದನ್ನು ಒತ್ತಿದೊಡನೆ ಮೊದಲು ಒತ್ತಿದ್ದುದು ತಾನಾಗಿ ಮೇಲೇಳುತ್ತಿತ್ತು. ಗಣಕದ ಅರ್ಜಿನಮೂನೆಯಲ್ಲಿ ಹಲವುಗಳಿಂದ ಒಂದನ್ನೇ ಆಯುವ ದುಂಡು ಗುರುತಿಗೆ 'ರೇಡಿಯೋ ಬಟನ್' ಎಂಬ ಹೆಸರು ಬಂದುದು ಅಲ್ಲಿಂದಲೇ. ವೈಯಾಕರಣರ ವಿಕಲ್ಪವೂ ಇಂಥದೇ ಎನ್ನೋಣವೆಂದರೆ, ಅಲ್ಲಿ ಎರಡು ರೂಪಗಳೂ ಸಾಧು. ಇಲ್ಲಿ ಒಂದಕ್ಕೆ ಎಡೆಯಿತ್ತರೆ ಮತ್ತೊಂದಕ್ಕೆ ಎಡೆಯಿಲ್ಲ.

ಈ ಕಟ್ಟು ನಿಂತಿರುವುದು ಹೆಸರಿನ ಮೇಲೆ. ಒಂದು ಪ್ರಶ್ನೆಯ ಗುಂಡಿಗಳಿಗೆಲ್ಲ ಒಂದೇ ಹೆಸರು, ಮೌಲ್ಯ ಮಾತ್ರ ಬೇರೆ ಬೇರೆ. ಹೆಸರು ಬೇರೆಯಾದರೆ 'ಬೇಕು', 'ಬೇಡ' ಎರಡೂ ಒಟ್ಟಿಗೆ ಗುರುತಾಗಿ ನಿಲ್ಲುತ್ತವೆ. ಮೌಲ್ಯವನ್ನು ಬರೆಯಲು ಮರೆತರೆ ಯಾವುದನ್ನು ಆಯ್ದರೂ 'ಆನ್' ಎಂಬ ಒಂದೇ ಮಾತು ಹೋಗಿ ತಲಪುತ್ತದೆ.

ಯಾವುದನ್ನೂ ಆಯದೆ ಸಲ್ಲಿಸಿದರೋ, ಆ ಪ್ರಶ್ನೆಯ ಹೆಸರೂ ಹೋಗುವುದಿಲ್ಲ. 'ಬೇಡ' ಎಂದವನೂ ಏನನ್ನೂ ನುಡಿಯದವನೂ ಒಂದೇ ಅಲ್ಲ. 1995ರ ಎಚ್‌ಟಿಎಂಎಲ್ 2.0 ನಿಯಮಾವಳಿ ಈ ಮೌನವನ್ನೇ ಒಪ್ಪದೆ, ಏನೂ ಗುರುತಾಗಿರದಿದ್ದರೆ ಮೊದಲ ಗುಂಡಿಯನ್ನು ಆಯ್ದಿಡಬೇಕೆಂದು ವಿಧಿಸಿತ್ತು. ಈಗ ಆ ಕಟ್ಟಳೆಯಿಲ್ಲ. ಅಭ್ಯಾಸ ಮಾತ್ರ ಹಲವೆಡೆ ಉಳಿದಿದೆ. ವಿದ್ಯಾರ್ಥಿನಿಲಯ ಬೇಕೇ ಎಂಬೆಡೆ 'ಬೇಡ' ಎಂಬುದು ಮೊದಲೇ ಗುರುತಾಗಿದ್ದರೆ, ಪರರ ಫೋನಿನಲ್ಲಿ ಅವಸರದಿಂದ ಅರ್ಜಿ ತುಂಬಿದ ಹಳ್ಳಿಯ ಹುಡುಗಿಗೆ ಇರಲು ಎಡೆ ತಪ್ಪುತ್ತದೆ. ಆಕೆ ಬೇಡವೆಂದು ಹೇಳಿಯೇ ಇರಲಿಲ್ಲ. ಕಡತದಲ್ಲಿ ಮಾತ್ರ ಹೇಳಿದಂತೆಯೇ ಇರುತ್ತದೆ.

ಉತ್ತರವನ್ನು ಕಡ್ಡಾಯ ಮಾಡಿ, ಯಾವುದನ್ನೂ ಮೊದಲೇ ಆಯದೆ ಬಿಡುವುದು ಲೇಸು. ಬ್ರೌಸರಿನ ಕಾವಲನ್ನು ತಪ್ಪಿಸಿ ಬರುವ ಅರ್ಜಿಗಳೂ ಉಂಟಾದುದರಿಂದ, ಸ್ವೀಕರಿಸುವ ಗಣಕವೂ ಬಂದ ಮೌಲ್ಯವು ತನ್ನ ಪಟ್ಟಿಯಲ್ಲಿರುವುದೇ ಎಂದು ನೋಡಿಕೊಳ್ಳಬೇಕು. ಒತ್ತಿದ ಗುಂಡಿಯನ್ನೇ ಮತ್ತೆ ಒತ್ತಿದರೆ ಆಯ್ಕೆ ಅಳಿಯದು. ಆದಕಾರಣ 'ಹೇಳಲಿಚ್ಛಿಸುವುದಿಲ್ಲ' ಎಂಬುದಕ್ಕೂ, ಅದು ಸಲ್ಲುವೆಡೆಯಲ್ಲಿ, ಒಂದು ಗುಂಡಿಯನ್ನಿಡಬೇಕಾಗುತ್ತದೆ.